ಗುತ್ತಿನ ಮನೆ ಮತ್ತು ಗ್ರಂಥಸೂಚಿ: ತುಳುನಾಡಿನ ಜೈನ ಕೃಷಿಕ ಮನೆಗಳ ದಾಖಲಾತಿಯನ್ನು ಕುರಿತು

ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವವನು ತನ್ನ ಮುಂದಿರುವ ಪ್ರತಿಯೊಂದು ಕಟ್ಟಿಗೂ ಕೆಲವು ಪ್ರಶ್ನೆಗಳನ್ನು ಹಾಕುವುದು ರೂಢಿ. ಗ್ರಂಥದ ಹೆಸರೇನು? ಕರ್ತೃ ಯಾರು? ಭಾಷೆ ಯಾವುದು, ಲಿಪಿ ಯಾವುದು? ಓಲೆಗಳೆಷ್ಟು, ಅವುಗಳ ಉದ್ದಗಲಗಳೆಷ್ಟು? ಪುಟವೊಂದಕ್ಕೆ ಪಂಕ್ತಿಗಳೆಷ್ಟು, ಪಂಕ್ತಿಯೊಂದಕ್ಕೆ ಅಕ್ಷರಗಳೆಷ್ಟು? ಆದ್ಯಂತಗಳು ಹೇಗಿವೆ? ಪ್ರಶಸ್ತಿಯಲ್ಲಿ ಏನು ಹೇಳಿದೆ? ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದಂದಿನಿಂದ ಮೂಡುಬಿದಿರೆ ಮೊದಲಾದ ಕಡೆಗಳ ಭಂಡಾರಗಳ ಸಂಪತ್ತು ವಿದ್ವಜ್ಜಗತ್ತಿಗೆ ತಿಳಿದುಬಂದಿತು. ಆ ಮಹನೀಯರು ತೋರಿದ ದಾರಿಯಲ್ಲಿಯೇ ನಮ್ಮಂಥವರು ನಡೆದುಬಂದಿದ್ದೇವೆ. ಆದರೆ ಹೀಗೆ ನಡೆದುಬರುವಾಗ ಒಂದು ಪ್ರಶ್ನೆಯನ್ನು ಕೇಳುವುದನ್ನು ನಾವು ಬಹುಮಟ್ಟಿಗೆ ಮರೆತೆವೆಂದು ನನಗೆ ತೋರುತ್ತದೆ. ಈ ಕಟ್ಟು ಭಂಡಾರಕ್ಕೆ ಬರುವ ಮುನ್ನ ಯಾವ ಮನೆಯಲ್ಲಿತ್ತು? ಆ ಮನೆಯ ಯಾವ ಕೋಣೆಯಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ಇತ್ತು?

ಈ ಮರೆವಿಗೆ ನಾನೂ ಹೊರತಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ, ಈ ವಿದ್ಯೆಗೆ ಹೊಸಬನಾಗಿದ್ದಾಗ, ಹಿರಿಯರೊಬ್ಬರ ಜೊತೆಯಲ್ಲಿ ಮೂಡುಬಿದಿರೆಯ ಪೂರ್ವಕ್ಕಿರುವ ಒಂದು ಗ್ರಾಮದ ಗುತ್ತಿನ ಮನೆಗೆ ಹೋಗಿದ್ದೆನು. ಆ ಮನೆಯ ವೃದ್ಧೆಯಾದ ಯಜಮಾನ್ತಿಯವರು ತಮ್ಮಲ್ಲಿದ್ದ ಓಲೆಯ ಕಟ್ಟುಗಳನ್ನು ಭಂಡಾರಕ್ಕೆ ಒಪ್ಪಿಸಲು ಮನಸ್ಸು ಮಾಡಿದ್ದರು. ಅವರು ಕಟ್ಟುಗಳನ್ನು ಚಾವಡಿಯ ನೆಲದಲ್ಲಿ ಮೂರು ರಾಶಿಗಳಾಗಿ ಬೇರೆಬೇರೆ ಇಟ್ಟಿದ್ದರು. ನಾವು ಕೃತಜ್ಞತೆಯಿಂದ ಕೈಮುಗಿದು, ಸಂಜೆಯ ಬಸ್ಸು ತಪ್ಪೀತೆಂಬ ಅವಸರದಲ್ಲಿ ಮೂರನ್ನೂ ಒಂದೇ ಗೋಣಿಯಲ್ಲಿ ತುಂಬಿಕೊಂಡು ಬಂದೆವು. ಅಟ್ಟವನ್ನೂ ನೋಡಿ ಹೋಗಿರೆಂದು ಆಕೆ ಹೇಳಿದರೂ ನಾವು ನೋಡಲಿಲ್ಲ. ದಾಖಲೆಯಲ್ಲಿ ಗ್ರಾಮದ ಹೆಸರನ್ನು ಮಾತ್ರ ಬರೆದೆವು. ಆ ಮೂರು ರಾಶಿಗಳು ಮೂರಾಗಿ ಏಕಿದ್ದುವೆಂದು ನಾವು ಕೇಳಲಿಲ್ಲ. ನಾವು ಕೇಳದಿದ್ದುದರಿಂದ ಆಕೆಯೂ ಹೇಳಲಿಲ್ಲ.

ಕಳೆದ ವರ್ಷ ಆ ಮನೆಯನ್ನು ಬಿಚ್ಚುವರೆಂಬ ಸುದ್ದಿ ತಿಳಿದು ಮತ್ತೆ ಅಲ್ಲಿಗೆ ಹೋದೆನು. ವೃದ್ಧೆಯವರು ತೀರಿಹೋಗಿ ಬಹಳ ವರ್ಷಗಳಾಗಿದ್ದುವು. ಅವರ ಮಗಳ ಅನುಮತಿಯಿಂದ ಮೂರು ದಿನ ಅಲ್ಲಿದ್ದು ಮನೆಯನ್ನು ಅಳೆದು, ನಕ್ಷೆ ತೆಗೆದು, ಉಳಿದಿದ್ದ ಕಾಗದಪತ್ರಗಳನ್ನು ನೋಡಿದೆನು. ಆ ಮೂರು ದಿನಗಳಲ್ಲಿ ಹೊಳೆದ ಕೆಲವು ಸಂಗತಿಗಳನ್ನು ವಿದ್ವಾಂಸರ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶ. ಮನೆಯ ಹೆಸರನ್ನು ಇಲ್ಲಿ ಹೇಳಿಲ್ಲ. ಅದರ ಕಾರಣವನ್ನು ಮುಂದೆ ತಿಳಿಸುವೆನು.

ಗುತ್ತಿನ ಮನೆಯ ಸ್ವರೂಪ

ತುಳುನಾಡನ್ನು ಬಲ್ಲವರಿಗೆ ಗುತ್ತಿನ ಪರಿಚಯ ಬೇಕಾಗಿಲ್ಲ. ಹೊರಗಿನ ವಾಚಕರಿಗಾಗಿ ಇಷ್ಟನ್ನು ಹೇಳಬಹುದು. ಗ್ರಾಮದ ಆಡಳಿತ, ನ್ಯಾಯತೀರ್ಮಾನ, ದೈವದ ಉತ್ಸವಾದಿಗಳಲ್ಲಿ ಹೊಣೆಗಾರಿಕೆಯಿದ್ದ ಭೂಹಿಡುವಳಿಯ ಮನೆತನಕ್ಕೆ ಗುತ್ತು ಎಂದು ಹೆಸರು. ಪುತ್ತಿಗೆ-ಮೂಡುಬಿದಿರೆಗಳ ಚೌಟರು, ವೇಣೂರಿನ ಅಜಿಲರು, ಬಂಗವಾಡಿಯ ಬಂಗರು, ಕಾರ್ಕಳದ ಭೈರರಸರು ಮೊದಲಾದ ಜೈನ ಅರಸುಮನೆತನಗಳ ಆಳಿಕೆಯಲ್ಲಿ ಅರಮನೆ, ಬೀಡು, ಗುತ್ತು ಎಂಬ ಶ್ರೇಣಿಯಿತ್ತು. ಗುತ್ತುಗಳು ಜೈನರವೂ ಇವೆ, ಬಂಟರವೂ ಇವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು, ಕಾರ್ಕಳದ ಗೊಮ್ಮಟ ವಿಗ್ರಹ 1432ರದು, ವೇಣೂರಿನದು 1604ರದು ಎಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಪ್ರಾಂತದ ಬಸದಿಗಳ ಶಾಸನಗಳಲ್ಲಿ ದತ್ತಿಗಳನ್ನು ಅಕ್ಕಿಯ ಮುಡಿಗಳ ಲೆಕ್ಕದಲ್ಲಿ ಹೇಳಿದೆಯೆಂಬುದನ್ನು ಸ್ಮರಿಸುವವರು ಕಡಿಮೆ. ಕಲ್ಲಿನ ಬಸದಿಯ ನಿತ್ಯಪೂಜೆಗೂ ಆಹಾರದಾನಕ್ಕೂ ಬೇಕಾದ ಅಕ್ಕಿ ಬಂದುದು ಗದ್ದೆಯಿಂದ. ಆ ಗದ್ದೆಯ ಲೆಕ್ಕ ಇದ್ದುದು ಮಣ್ಣು-ಮರಗಳ ಮನೆಯ ಚಾವಡಿಯಲ್ಲಿ.

ಇಂಥ ಮನೆಯು ಮೊದಲು ಕೃಷಿಕನ ಮನೆ, ಆಮೇಲೆ ಅಧಿಕಾರದ ಮನೆ. ಅದರ ಮುಂದೆ ಬೈಲುಗದ್ದೆ. ಅದಕ್ಕಿಂತ ಎತ್ತರದಲ್ಲಿ ಮಜಲು. ಇನ್ನೂ ಎತ್ತರದಲ್ಲಿ ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು ಬೈಲಿನಲ್ಲಿ ಬಂದರೆ ಬೆಟ್ಟಿನಲ್ಲಿ ಮಳೆಗಾಲದ ಒಂದೇ ಬೆಳೆ. ಮನೆಯು ಸಾಮಾನ್ಯವಾಗಿ ಗದ್ದೆಯ ನೀರು ಮುಟ್ಟದಷ್ಟು ಎತ್ತರದಲ್ಲಿ, ಗದ್ದೆ ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿ ಇರುತ್ತದೆ. ಹೆಬ್ಬಾಗಿಲನ್ನು ದಾಟಿದರೆ ಅಂಗಳ, ಅಂಗಳದ ಎದುರಿಗೆ ಕೆತ್ತನೆಯ ಕಂಬಗಳ ಚಾವಡಿ, ಅದರ ಹಿಂದೆ ನಾಲ್ಕು ಕಡೆಯೂ ಪಡಸಾಲೆಯಿರುವ ಒಳ ಅಂಗಳ, ದೇವರ ಕೋಣೆ, ಭತ್ತವನ್ನು ತುಂಬುವ ಮರದ ಪತ್ತಾಯ, ಅಡುಗೆಮನೆ, ಮೇಲೆ ಅಟ್ಟ. ಜೈನರ ಮನೆಯಾದರೆ ಪಕ್ಕದಲ್ಲಿಯೇ ಚೈತ್ಯಾಲಯವಿರುವುದೂ ಉಂಟು. ಗ್ರಾಮದೈವದ ಸ್ಥಾನವೂ ಮನೆಯೊಳಗೆ ಇರುವುದುಂಟು. ಈ ಎರಡೂ ಒಂದೇ ಮಾಡಿನ ಕೆಳಗೆ ನೂರಾರು ವರ್ಷ ಹೊಂದಿಕೊಂಡು ಬಂದುದು ತುಳುನಾಡಿನ ಜೈನಜೀವನದ ವೈಶಿಷ್ಟ್ಯ.

ಈ ಮನೆಗಳ ಇತಿಹಾಸವನ್ನು ಬರೆಯುವ ಕಾರ್ಯ ಮೊದಲೇ ಆರಂಭವಾಗದೆ ಇರಲಿಲ್ಲ. ಗಣಪತಿರಾವ್ ಐಗಳು 1923ರಲ್ಲಿ ಪ್ರಕಟಿಸಿದ ‘ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ’ದಲ್ಲಿ ಮನೆತನಗಳ ವೃತ್ತಾಂತಗಳಿಗೆ ಸ್ಥಾನ ಕೊಟ್ಟರು. 1970ರಲ್ಲಿ ಕೆ. ವಿ. ರಮೇಶರು, 1975ರಲ್ಲಿ ಪಾದೂರು ಗುರುರಾಜ ಭಟ್ಟರು ತಮ್ಮ ಬೃಹತ್ಕೃತಿಗಳಲ್ಲಿ ಶಾಸನ, ದೇವಾಲಯ, ಮೂರ್ತಿಶಿಲ್ಪಗಳ ಆಧಾರದಿಂದ ತುಳುನಾಡಿನ ಚರಿತ್ರೆಗೆ ಭದ್ರವಾದ ತಳಹದಿಯನ್ನು ಹಾಕಿದರು. ಶಿಲೆಯ ಸಾಕ್ಷ್ಯ ಹೀಗೆ ದಾಖಲಾಯಿತು. ಮಣ್ಣು-ಮರಗಳ ಸಾಕ್ಷ್ಯ ಮಾತ್ರ ಕಾಯುತ್ತಲೇ ಉಳಿಯಿತು. ಅದಾದರೋ ಬಹುಕಾಲ ಕಾಯಬಲ್ಲುದಲ್ಲ.

ಮನೆಗಳು ಏಕೆ ಬೀಳುತ್ತಿವೆ?

ಇದಕ್ಕೆ ಎರಡು ಕಾಯಿದೆಗಳ ಹಿನ್ನೆಲೆಯನ್ನು ತಿಳಿದಿರಬೇಕು. ಅಳಿಯಸಂತಾನ ಕಟ್ಟಿನಲ್ಲಿ ಮನೆಯು ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತಿತ್ತು. ಎಲ್ಲರ ಸಮ್ಮತಿಯಿಲ್ಲದೆ ಆಸ್ತಿಯನ್ನು ಪಾಲು ಮಾಡುವಂತಿರಲಿಲ್ಲ. ಮದರಾಸು ಪ್ರಾಂತದ 1949ರ ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಅದರಿಂದ ಅನೇಕರಿಗೆ ನ್ಯಾಯ ದೊರೆಯಿತು. ಆದರೆ ಒಂದೇ ಚಾವಡಿಗೆ ಅನೇಕ ಒಡೆಯರಾದರು. ಅನಂತರ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳೆಲ್ಲ ಸರಕಾರದ ವಶಕ್ಕೆ ಬಂದು, ಉಳುವವರಿಗೆ ಒಡೆತನ ದೊರೆಯುವಂತಾಯಿತು. ತಲೆತಲಾಂತರದಿಂದ ದುಡಿದವರ ಕೈಗೆ ನೆಲ ಬಂದುದು ಧರ್ಮಸಮ್ಮತವಾದ ಕಾರ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಗೇಣಿಯ ಮುಡಿಗಳು ಬರುವುದು ನಿಂತಮೇಲೆ ಅಷ್ಟು ದೊಡ್ಡ ಮನೆಯ ಮಾಡನ್ನು ವರ್ಷವರ್ಷವೂ ದುರಸ್ತಿ ಮಾಡಿಸುವ ಶಕ್ತಿ ಎಷ್ಟೋ ಕುಟುಂಬಗಳಿಗೆ ಉಳಿಯಲಿಲ್ಲ. ಪತ್ತಾಯ ಬರಿದಾಯಿತು, ಮಕ್ಕಳು ಮಂಗಳೂರು, ಬೆಂಗಳೂರು, ಮುಂಬಯಿಗಳಿಗೆ ಹೋದರು. ಹಂಚು ಒಡೆದ ಕಡೆ ಮಳೆನೀರು ಸೋರಿ, ಮುರಕಲ್ಲಿನ ಮೇಲಣ ಮಣ್ಣಿನ ಗಾರೆ ಕರಗಿ, ತೊಲೆಗೆ ಗೆದ್ದಲು ಹತ್ತುವುದಕ್ಕೆ ಕೆಲವೇ ಮಳೆಗಾಲಗಳು ಸಾಕು.

ಕೊನೆಯದಾಗಿ ಬರುವವನು ಹಳೆಯ ಮರವನ್ನು ಕೊಳ್ಳುವ ವ್ಯಾಪಾರಿ. ಹಲಸು, ತೇಗ, ಬೋಗಿ ಮರಗಳ ಕೆತ್ತನೆಯ ಕಂಬಗಳಿಗೂ ಬಾಗಿಲುವಾಡಗಳಿಗೂ ನಗರಗಳಲ್ಲಿ ಬೇಡಿಕೆಯಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ದಾಟಿದ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಪುರಾವಸ್ತುವೆನಿಸುತ್ತದೆ. ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯವುಳ್ಳ ಹಸ್ತಪ್ರತಿಗೆ ಎಪ್ಪತ್ತೈದು ವರ್ಷಗಳೇ ಸಾಕು. ಆದರೆ ನಿಂತಿರುವ ಮನೆಯು ಸಂರಕ್ಷಿತ ಸ್ಮಾರಕವೆಂದು ಘೋಷಿತವಾಗಿಲ್ಲದಿದ್ದರೆ ಅದನ್ನು ಬಿಚ್ಚದಂತೆ ತಡೆಯುವ ಉಪಾಯ ಈ ಕಾಯಿದೆಯಲ್ಲಿಲ್ಲ. ಮನೆಯ ಹೆಸರನ್ನು ನಾನು ಮುಚ್ಚಿಟ್ಟ ಕಾರಣ ಇದೇ. ಎಲ್ಲಿ ಯಾವ ಕಂಬವಿದೆ, ಯಾವ ಅಟ್ಟದಲ್ಲಿ ಯಾವ ಓಲೆಯಿದೆ ಎಂದು ನಾವು ಅಚ್ಚು ಹಾಕಿಸಿದರೆ ಆ ಪುಟವನ್ನು ಮೊದಲು ಓದುವವರು ವಿದ್ವಾಂಸರೇ ಆಗಿರಬೇಕೆಂಬ ನಿಯಮವಿಲ್ಲ.

ನಾಲ್ಕು ಅಪೇಕ್ಷೆಗಳು

ಮನೆಯ ದಾಖಲಾತಿಗೆ ಯಾವ ಕ್ರಮವನ್ನು ಅನುಸರಿಸಬೇಕು? ವಾಸ್ತುತಂತ್ರಜ್ಞರು ತಮ್ಮದೇ ಆದ ಪದ್ಧತಿಯನ್ನು ಹೇಳಿಯಾರು, ಅದನ್ನು ಕಲಿಯಬೇಕು. ಆದರೆ ನಮ್ಮ ಶಾಸ್ತ್ರಪರಂಪರೆಯಲ್ಲಿಯೇ ಇದಕ್ಕೆ ಒದಗುವ ಒಂದು ವ್ಯವಸ್ಥೆಯಿದೆ. ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಅಪೇಕ್ಷೆಗಳಿಂದ ವಿಚಾರಿಸಬೇಕೆಂಬುದು ಸ್ಯಾದ್ವಾದವನ್ನು ಓದಿದ ಪ್ರತಿಯೊಬ್ಬರಿಗೂ ತಿಳಿದ ವಿಷಯ. ತನ್ನ ದ್ರವ್ಯ-ಕ್ಷೇತ್ರ-ಕಾಲ-ಭಾವಗಳ ಅಪೇಕ್ಷೆಯಿಂದಲೇ ವಸ್ತುವನ್ನು ‘ಇದೆ’ ಎನ್ನಲು ಬರುತ್ತದೆ. ನಮ್ಮ ಸೂಚಿಗಳು ಗ್ರಂಥದ ದ್ರವ್ಯವನ್ನು ಓಲೆಯ ಲೆಕ್ಕದಲ್ಲಿಯೂ, ಕಾಲವನ್ನು ಪ್ರಶಸ್ತಿಯಲ್ಲಿಯೂ, ಭಾವವನ್ನು ವಿಷಯವಿಭಾಗದಲ್ಲಿಯೂ ಹೇಗೋ ಹಿಡಿದಿಟ್ಟಿವೆ. ಕ್ಷೇತ್ರವನ್ನು ಮಾತ್ರ ಕೈಬಿಟ್ಟಿವೆ. ಈಗ ಮನೆಯನ್ನು ದಾಖಲಿಸುವಾಗ ನಾಲ್ಕನ್ನೂ ಹಿಡಿಯೋಣ.

ದ್ರವ್ಯ. ಮನೆಯು ಯಾವುದರಿಂದ ಆಗಿದೆಯೆಂಬುದನ್ನು ಮೊದಲು ಬರೆಯಬೇಕು: ಗೋಡೆ ಮುರಕಲ್ಲೋ ಮಣ್ಣೋ, ಕಂಬ ಯಾವ ಮರದ್ದು, ಮುಚ್ಚಿಗೆಯ ಹಲಗೆ ಯಾವುದು, ಕಂಬಕ್ಕೂ ತೊಲೆಗೂ ನಡುವಣ ಬೋದಿಗೆಯ ಆಕಾರವೇನು, ಜೋಡಣೆಯಲ್ಲಿ ಕಬ್ಬಿಣದ ಮೊಳೆಯಿದೆಯೋ ಮರದ ಗೂಟವಿದೆಯೋ. ಅಳತೆಯನ್ನು ಮೀಟರಿನಲ್ಲಿ ಬರೆದರೆ ಸಾಲದು. ಹಳೆಯ ಆಚಾರಿಗಳು ಕೋಲು-ಅಂಗುಲಗಳಲ್ಲಿ ಅಳೆದು, ಸುತ್ತಳತೆಯಿಂದ ಆಯವನ್ನು ಗುಣಿಸಿ, ಧ್ವಜಾಯ, ಸಿಂಹಾಯ, ವೃಷಭಾಯ, ಗಜಾಯಗಳಲ್ಲಿ ಒಂದನ್ನು ಆರಿಸಿಕೊಂಡು ಮನೆಯನ್ನು ಕಟ್ಟುತ್ತಿದ್ದರು. ಮೀಟರಿನಲ್ಲಿ ಅರ್ಥವಿಲ್ಲದಂತೆ ಕಾಣುವ ಸಂಖ್ಯೆ ಕೋಲಿನ ಲೆಕ್ಕದಲ್ಲಿ ಸರಿಯಾಗಿ ಕೂಡಿಬರುವುದುಂಟು. ಛಂದಸ್ಸನ್ನು ತಿಳಿಯದೆ ಪದ್ಯವನ್ನು ಗದ್ಯದಂತೆ ಪ್ರತಿಮಾಡಿದ ಲಿಪಿಕಾರನ ಸ್ಥಿತಿ ನಮಗೆ ಬರಬಾರದು.

ಕ್ಷೇತ್ರ. ಮನೆಯು ಗದ್ದೆ, ಬಸದಿ, ಕೆರೆ, ದಾರಿಗಳಿಗೆ ಸಂಬಂಧಿಸಿ ಎಲ್ಲಿದೆ ಎಂಬುದು ಹೊರಗಿನ ಕ್ಷೇತ್ರ. ಮನೆಯೊಳಗೆ ಯಾವ ವಸ್ತು ಎಲ್ಲಿದೆ ಎಂಬುದು ಒಳಗಿನ ಕ್ಷೇತ್ರ. ಇದರ ಮಹತ್ವ ನನಗೆ ತಿಳಿದುದು ಮೇಲೆ ಹೇಳಿದ ಮೂರು ರಾಶಿಗಳ ಸಂದರ್ಭದಲ್ಲಿ. ಯಜಮಾನ್ತಿಯವರ ಮಗಳು ಬಾಲ್ಯದ ನೆನಪಿನಿಂದ ಅದನ್ನು ಬಿಡಿಸಿ ಹೇಳಿದರು. ಒಂದು ರಾಶಿಯು ದೇವರ ಕೋಣೆಯ ಪೆಟ್ಟಿಗೆಯದು. ಅದರಲ್ಲಿದ್ದುವು ನೋಂಪಿಯ ಕಥೆಗಳೂ ಪೂಜಾವಿಧಾನಗಳೂ. ಎರಡನೆಯದು ಅಡುಗೆಮನೆಯ ಮೇಲಣ ಅಟ್ಟದಲ್ಲಿ ಹೊಗೆ ತಾಗುವಂತೆ ಕಟ್ಟಿ ತೂಗಿಸಿದ್ದು. ಅವು ವೈದ್ಯ, ಜ್ಯೋತಿಷದ ಕಟ್ಟುಗಳು. ಮೂರನೆಯದು ಚಾವಡಿಯಲ್ಲಿ ಲೆಕ್ಕದ ಕಡತಗಳ ಜೊತೆಯಲ್ಲಿದ್ದುದು. ರಾತ್ರಿ ಹತ್ತು ಜನ ಸೇರಿದಾಗ ಹಾಡಿ ಓದುತ್ತಿದ್ದ ಸಾಂಗತ್ಯಕಾವ್ಯಗಳು ಅಲ್ಲಿದ್ದುವಂತೆ. ದೇವರ ಕೋಣೆಯದು ವ್ರತಕ್ಕೆ, ಅಟ್ಟದ್ದು ಉಪಯೋಗಕ್ಕೆ, ಚಾವಡಿಯದು ಶ್ರವಣಕ್ಕೆ. ಒಂದೇ ಮನೆಯಲ್ಲಿ ಮೂರು ಭಂಡಾರಗಳಿದ್ದುವು. ನಾವು ಅವನ್ನು ಒಂದು ಗೋಣಿಯಲ್ಲಿ ಬೆರೆಸಿ, ಭಂಡಾರದಲ್ಲಿ ಅಕಾರಾದಿಯಾಗಿ ಜೋಡಿಸಿದೆವು.

ಇದರಿಂದ ನಷ್ಟವೇನೆಂದು ಕೇಳಬಹುದು. ಆ ಕಟ್ಟುಗಳಲ್ಲಿ ಹೆಸರಿಲ್ಲದ, ಮೊದಲ ಓಲೆಗಳು ಮುರಿದುಹೋದ ಎರಡು ಕಟ್ಟುಗಳಿವೆ. ಒಂದರಲ್ಲಿ ಶ್ರಾವಕಾಚಾರದ ವಿಷಯವೂ ಔಷಧದ ಪಟ್ಟಿಗಳೂ ಬೆರೆತಿವೆ. ಅದು ದೇವರ ಕೋಣೆಯದಾಗಿದ್ದರೆ ವ್ರತಿಗಳ ಪಥ್ಯವಿಧಿಯೆಂದು ತಿಳಿಯಬೇಕು. ಅಟ್ಟದ್ದಾಗಿದ್ದರೆ ವೈದ್ಯನು ಬಿಡುವಿನ ಓಲೆಗಳಲ್ಲಿ ಆಚಾರವನ್ನು ಬರೆದುಕೊಂಡನೆಂದು ತಿಳಿಯಬೇಕು. ಅಕ್ಷರವನ್ನು ಎಷ್ಟು ಪರೀಕ್ಷಿಸಿದರೂ ಇದು ಇತ್ಯರ್ಥವಾಗುತ್ತಿಲ್ಲ. ಮೂವತ್ತು ವರ್ಷಗಳ ಹಿಂದೆ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಹೇಳಬಲ್ಲವರು ಆಗ ನಮ್ಮೆದುರಿಗೇ ಕುಳಿತಿದ್ದರು.

ಒಳಕ್ಷೇತ್ರವನ್ನು ಬರೆಯುವುದರಿಂದ ಇನ್ನೊಂದು ಪ್ರಯೋಜನವುಂಟು. ಓಲೆಯು ನೂರಾರು ವರ್ಷ ಉಳಿದುದು ಶ್ರೀತಾಳದ ಗುಣದಿಂದ ಮಾತ್ರವಲ್ಲ, ಅದನ್ನಿಟ್ಟ ಸ್ಥಳದ ಗುಣದಿಂದಲೂ ಹೌದು. ದಪ್ಪ ಗೋಡೆಯ ತಂಪು, ಮರದ ಪೆಟ್ಟಿಗೆ, ಒಲೆಯ ಹೊಗೆ, ವರ್ಷಕ್ಕೊಮ್ಮೆ ತೆಗೆದು ಒರಸುವ ಕೈ, ಇವೆಲ್ಲ ಕೂಡಿ ಗ್ರಂಥವನ್ನು ಕಾಪಾಡಿದುವು. ಮಾಡು ಹೋದರೆ ಗ್ರಂಥವೂ ಹೋಗುತ್ತದೆ. ಅಡುಗೆಮನೆಗೆ ಅನಿಲದ ಒಲೆ ಬಂದು ಹೊಗೆ ನಿಂತ ಮೇಲೆ ಅಟ್ಟದ ಓಲೆಗೆ ಹುಳು ಹಿಡಿಯುವ ಸಂಭವ ಹೆಚ್ಚು. ಅಂಥ ಮನೆಗಳಲ್ಲಿ ಇನ್ನೂ ಉಳಿದಿರುವ ಕಟ್ಟುಗಳಿಗೆ ಇದು ತಿಳಿಯಬೇಕಾದ ಎಚ್ಚರಿಕೆ.

ಕಾಲ. ‘ಈ ಮನೆಗೆ ಐನೂರು ವರ್ಷ’ ಎಂಬ ಮಾತನ್ನು ಪ್ರತಿಯೊಂದು ಗುತ್ತಿನಲ್ಲಿಯೂ ಕೇಳಬಹುದು. ಮನೆತನದ ಪ್ರಾಚೀನತೆ ಬೇರೆ, ಮನೆಯ ಪ್ರಾಚೀನತೆ ಬೇರೆ. ಕೃತಿಯ ಕಾಲವನ್ನು ಪ್ರತಿಯ ಕಾಲವೆಂದು ಭ್ರಮಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವುದಿಲ್ಲವೇ? ಮನೆಯಲ್ಲಿಯೂ ಪಾಠಾಂತರಗಳಿವೆ, ಪ್ರಕ್ಷಿಪ್ತಗಳಿವೆ. ಹಂಚಿನ ಮಾಡು ಇದಕ್ಕೆ ಉತ್ತಮ ನಿದರ್ಶನ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರು ಹಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರನ್ನು ಒತ್ತುವ ವಾಡಿಕೆಯಿದ್ದುದರಿಂದ ಒಂದೊಂದು ಹಂಚೂ ಒಂದು ಸಣ್ಣ ಶಾಸನ. ಇಂಥ ಹಂಚು ಹೊದಿಸಿದ ಮಾಡು 1865ಕ್ಕಿಂತ ಹಿಂದಿನದಾಗಲಾರದು; ಆದರೆ ಅದರ ಕೆಳಗಿನ ಕಂಬಗಳು ಮುಳಿಹುಲ್ಲಿನ ಮಾಡನ್ನು ಹೊತ್ತ ಕಾಲದವು ಆಗಿರಬಹುದು. ಹುಲ್ಲಿನ ಮಾಡಿಗೂ ಹಂಚಿನ ಮಾಡಿಗೂ ಭಾರದಲ್ಲಿಯೂ ಇಳಿಜಾರಿನಲ್ಲಿಯೂ ವ್ಯತ್ಯಾಸವಿರುವುದರಿಂದ ಹಳೆಯ ತೊಲೆಯಲ್ಲಿ ಉಪಯೋಗಕ್ಕೆ ಬಾರದೆ ಉಳಿದ ತೂತುಗಳೂ ಕಚ್ಚುಗಳೂ ಹಿಂದಿನ ಮಾಡಿನ ಗುರುತನ್ನು ಹೇಳುತ್ತವೆ. ಇವು ಅಳಿಸಿ ಬರೆದ ಓಲೆಯಲ್ಲಿ ಮಸುಕಾಗಿ ಉಳಿದ ಅಕ್ಷರಗಳಿದ್ದಂತೆ.

ಕಾಲನಿರ್ಣಯದಲ್ಲಿ ಮನೆಯು ಗ್ರಂಥಕ್ಕೆ ಉಪಕರಿಸುವುದೂ ಉಂಟು. ನಮ್ಮ ಪ್ರಶಸ್ತಿಗಳಲ್ಲಿ ಸಂವತ್ಸರವನ್ನು ಹೇಳಿ ಶಕವರ್ಷವನ್ನು ಬಿಡುವುದು ತೀರ ಸಾಮಾನ್ಯ. ವಿಲಂಬಿ ಸಂವತ್ಸರವೆಂದಷ್ಟೇ ಇದ್ದರೆ ಅದು 1778ರಲ್ಲಿ ಆರಂಭವಾದುದೋ, 1838ರದೋ, 1898ರದೋ ಎಂಬುದು ಅಕ್ಷರದ ಒಕ್ಕಣೆಯಿಂದ ಮಾತ್ರ ನಿಶ್ಚಯವಾಗುವುದು ಕಷ್ಟ. ಆ ಮನೆಯಿಂದ ಬಂದ ನೋಂಪಿಯ ಕಥೆಯೊಂದರಲ್ಲಿ ಇದೇ ತೊಡಕಿತ್ತು. ಲಿಪಿಕಾರನ ಹೆಸರಿತ್ತು, ಸಂವತ್ಸರವಿತ್ತು, ಶಕವಿರಲಿಲ್ಲ. ಕಳೆದ ವರ್ಷ ಚಾವಡಿಯ ಪೆಟ್ಟಿಗೆಯಲ್ಲಿ, ‘ಇದು ಗ್ರಂಥವಲ್ಲ’ವೆಂದು ನಾವು ಅಂದು ಬಿಟ್ಟುಬಂದಿದ್ದ ಓಲೆಗಳಲ್ಲಿ, ಒಂದು ಮೂಲಗೇಣಿಯ ಪತ್ರ ಸಿಕ್ಕಿತು. ಅದನ್ನು ಬರೆದವನು ಅದೇ ಹೆಸರಿನವನು. ಅಕ್ಷರವೂ ಅದೇ ಕೈಯದು. ವ್ಯವಹಾರದ ಪತ್ರವಾದುದರಿಂದ ಅದರಲ್ಲಿ ಶಕವರ್ಷವನ್ನು ಸ್ಪಷ್ಟವಾಗಿ ನಮೂದಿಸಿತ್ತು. ಅರುವತ್ತು ವರ್ಷಗಳ ಸಂದೇಹ ಅಲ್ಲಿಗೆ ಪರಿಹಾರವಾಯಿತು. ಗೇಣಿಯ ಚೀಟಿ ಧರ್ಮಗ್ರಂಥದ ಕಾಲವನ್ನು ಹೇಳಿತು. ಗ್ರಂಥ ಯಾವುದು, ಗ್ರಂಥವಲ್ಲದ್ದು ಯಾವುದು ಎಂದು ಅವಸರದಲ್ಲಿ ತೀರ್ಮಾನಿಸಿದ ನಮ್ಮ ಪಾಂಡಿತ್ಯಕ್ಕೆ ಇದು ಒಳ್ಳೆಯ ಪಾಠ.

ಭಾವ. ಮನೆಯಲ್ಲಿ ಬಾಳಿದವರ ಬದುಕೇ ಅದರ ಭಾವ. ಇದನ್ನು ಅಳತೆಯ ಕೋಲಿನಿಂದ ಹಿಡಿಯಲಾಗದು, ಕೇಳಿ ಬರೆದುಕೊಳ್ಳಬೇಕು. ಹೊಸ ತೆನೆಯನ್ನು ತಂದು ಕಂಬಕ್ಕೂ ಪತ್ತಾಯಕ್ಕೂ ಕಟ್ಟಿ ಮನೆ ತುಂಬಿಸುವ ಹಬ್ಬದಲ್ಲಿ ಯಾರು ಎಲ್ಲಿ ನಿಲ್ಲುತ್ತಿದ್ದರು? ನೋಂಪಿಯ ಉದ್ಯಾಪನೆಯ ದಿನ ಶಾಸ್ತ್ರದಾನವನ್ನು ಯಾವ ಜಾಗದಲ್ಲಿ ಮಾಡುತ್ತಿದ್ದರು? ಸಾವಿರ ವರ್ಷಗಳ ಹಿಂದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನೂ, ಪಂಚಮೀ ನೋಂಪಿಯ ಉದ್ಯಾಪನೆಗಾಗಿ ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದ ಮಲ್ಲಿಕಬ್ಬೆಯನ್ನೂ ನಾವು ಸ್ತುತಿಸುತ್ತೇವೆ. ಹೆಣ್ಣಿನ ಸಂತತಿಯಲ್ಲಿ ಮನೆಯೇ ಇಳಿದುಬರುವ ತುಳುನಾಡಿನಲ್ಲಿ ಅಂಥ ಶ್ರುತಭಕ್ತಿಯನ್ನು ಸಣ್ಣ ಪ್ರಮಾಣದಲ್ಲಿ ನಡೆಸಿಕೊಂಡು ಬಂದ ಹೆಂಗಸರ ಹೆಸರುಗಳು ಈ ಮನೆಗಳಲ್ಲಿಯೇ ಇವೆ.

ಹಾಗೆಯೇ ಚಾವಡಿಯನ್ನು ಬರೆದು ಹಿತ್ತಿಲನ್ನು ಬಿಡಬಾರದು. ಭತ್ತ ಕುಟ್ಟಿದವರು, ಮುಡಿ ಕಟ್ಟಿದವರು, ನೇಜಿ ನೆಡುತ್ತ ಪಾಡ್ದನ ಹಾಡಿದವರು, ಚಾವಡಿಯನ್ನು ಏರಲು ಅವಕಾಶವಿಲ್ಲದೆ ಅಂಗಳದ ಅಂಚಿನಲ್ಲಿ ನಿಂತು ಕೂಲಿಯ ಭತ್ತವನ್ನು ಪಡೆದ ಮೂಲದಾಳುಗಳು, ಇವರೆಲ್ಲರ ಬೆವರಿನಿಂದ ಆ ಕಂಬಗಳು ನಿಂತವು. ಅವರು ನಿಲ್ಲುತ್ತಿದ್ದ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಬೇಕು; ಅವರ ಮನೆಗಳವರನ್ನೂ ಕಂಡು ಕೇಳಬೇಕು. ಹೊಗಳಿಕೆಗಾಗಿ ಬರೆದ ದಾಖಲೆ ಸಮ್ಯಗ್‌ಜ್ಞಾನವಾಗದು.

ಒಂದು ಆಕ್ಷೇಪ

ಇಲ್ಲಿ ಪಂಡಿತರು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಬೇಕಾದುದೂ ನ್ಯಾಯವೇ. ಕ್ಷೇತ್ರ, ವಾಸ್ತು, ಧನ, ಧಾನ್ಯ, ದಾಸೀದಾಸರು ಬಾಹ್ಯ ಪರಿಗ್ರಹಗಳಲ್ಲಿ ಎಣಿಕೆಯಾದುವು. ಗದ್ದೆಯೂ ಮನೆಯೂ ಮಿತಿಯಲ್ಲಿಡಬೇಕಾದ ವಸ್ತುಗಳೆಂದು ಶ್ರಾವಕನಿಗೆ ಉಪದೇಶಿಸುವ ಧರ್ಮದಲ್ಲಿ, ಬೀಳುವ ಮನೆಯೊಂದಕ್ಕಾಗಿ ಚಿಂತಿಸುವುದು ಉಚಿತವೇ? ಪುದ್ಗಲದ ಸ್ವಭಾವವೇ ಕೂಡುವುದು, ಕಳಚುವುದು ಅಲ್ಲವೇ?

ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆ ಎಂದರೆ ಮಮತ್ವದಲ್ಲಿ ಹೇಳಿದ್ದಾರೆ. ಓಲೆಯೂ ಪುದ್ಗಲವೇ, ಆದರೂ ಅದನ್ನು ರೇಷ್ಮೆಯ ವಸ್ತ್ರದಲ್ಲಿ ಸುತ್ತಿ ಪೂಜಿಸುತ್ತೇವೆ, ಏಕೆಂದರೆ ಅದು ಶ್ರುತಕ್ಕೆ ಆಶ್ರಯ. ಮನೆಯನ್ನು ದಾಖಲಿಸುವವನು ಅದನ್ನು ತನ್ನದೆನ್ನುವುದಿಲ್ಲ. ಅದರ ವೈಭವ ಮರಳಲೆಂದು ಬಯಸುವುದೂ ಇಲ್ಲ. ಎಷ್ಟೋ ಮನೆಗಳು ಬೀಳುತ್ತವೆ, ಬೀಳಲಿ. ಬೀಳುವ ಮುನ್ನ ಅವು ಏನಾಗಿದ್ದುವೆಂಬ ತಿಳಿವು ಉಳಿಯಲಿ ಎಂಬುದಷ್ಟೇ ನನ್ನ ಬಿನ್ನಹ. ಇದು ವಾಸ್ತುವಿನ ಸಂಗ್ರಹವಲ್ಲ, ಜ್ಞಾನದ ಸಂಗ್ರಹ.

ಮನೆಯನ್ನೇ ಉಳಿಸುವ ಪ್ರಯತ್ನಗಳೂ ನಡೆದಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಸ್ತಶಿಲ್ಪ ಸಂಸ್ಥೆಯ ಮೂಲಕ ನಾಡಿನ ಬೇರೆಬೇರೆ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದುದು ಒಬ್ಬ ಮನುಷ್ಯನ ಆಯುಷ್ಯವನ್ನು ತೆಗೆದುಕೊಂಡ ಮಹಾಕಾರ್ಯ. ಮಂಗಳೂರಿನ ಪಿಲಿಕುಳದಲ್ಲಿಯೂ ಗುತ್ತಿನ ಮನೆಯ ಮಾದರಿಯೊಂದನ್ನು ನಿರ್ಮಿಸಿದ್ದಾರೆ. ಇವುಗಳಿಂದ ಮುಂದಿನವರು ದ್ರವ್ಯವನ್ನು ಕಣ್ಣಾರೆ ಕಾಣುವಂತಾಯಿತು. ಆದರೆ ಗದ್ದೆಯನ್ನೂ ಬಸದಿಯನ್ನೂ ಬಿಚ್ಚಿ ತರಲಾಗದು. ಎಲ್ಲ ಮನೆಗಳನ್ನೂ ಹೀಗೆ ಉಳಿಸುವುದಂತೂ ಅಸಾಧ್ಯ. ಉಳಿಸಲಾಗದುದನ್ನು ಬರೆದಿಡುವುದು ನಮ್ಮಿಂದ ಸಾಧ್ಯ.

ಮಾಡಬೇಕಾದುದು

ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಇಬ್ಬರು, ಮೂರು ದಿನ, ಅಳತೆಯ ಪಟ್ಟಿ, ಚೌಕುಳಿ ಕಾಗದ. ಛಾಯಾಚಿತ್ರದ ಸಾಧನವಂತೂ ಈಗ ಎಲ್ಲರ ಕೈಯಲ್ಲಿದೆ. ಮೊದಲು ಮನೆಯವರ ಒಪ್ಪಿಗೆಯನ್ನು ಪಡೆಯಬೇಕು. ನೆಲದ ನಕ್ಷೆಯನ್ನು ತೆಗೆದು ಕೋಣೆಗಳಿಗೆ ಸಂಖ್ಯೆ ಕೊಡಬೇಕು. ಯಾವ ಕಟ್ಟನ್ನೂ, ಯಾವ ಕಡತವನ್ನೂ ಇದ್ದ ಜಾಗದಿಂದ ಅಲುಗಿಸುವ ಮುನ್ನ ಅಲ್ಲಿಯೇ ಚಿತ್ರ ತೆಗೆದು, ಕೋಣೆಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕಟ್ಟಬೇಕು. ಗ್ರಂಥವಲ್ಲವೆಂದು ಏನನ್ನೂ ಬಿಡಬಾರದು. ಮನೆಯ ಹಿರಿಯರನ್ನೂ ಒಕ್ಕಲಿನ ಹಿರಿಯರನ್ನೂ ಪ್ರತ್ಯೇಕವಾಗಿ ಕೇಳಿ, ಅವರವರ ತುಳುವಿನ ಮಾತುಗಳಲ್ಲಿಯೇ ಬರೆದುಕೊಳ್ಳಬೇಕು. ದಾಖಲೆಯ ಒಂದು ಪ್ರತಿ ಮನೆಯವರಿಗೆ, ಒಂದು ಪ್ರತಿ ಭಂಡಾರಕ್ಕೆ. ಸ್ಥಳದ ವಿವರ ಭಂಡಾರದಲ್ಲಿ ಗೋಪ್ಯವಾಗಿರಲಿ.

ಭಂಡಾರಗಳಲ್ಲಿ ಈಗಾಗಲೇ ಇರುವ ಕಟ್ಟುಗಳ ವಿಷಯದಲ್ಲಿಯೂ ಪೂರ್ತಿ ನಿರಾಶರಾಗಬೇಕಾಗಿಲ್ಲ. ಪ್ರತಿವರ್ಷ ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ನಾವು ಗ್ರಂಥಗಳನ್ನು ಹೊರತೆಗೆದು, ಧೂಳೊರಸಿ, ಪೂಜಿಸುತ್ತೇವೆ. ಷಟ್‌ಖಂಡಾಗಮವು ಲಿಪಿಬದ್ಧವಾದುದನ್ನು ಸ್ಮರಿಸುವ ಆ ದಿನ, ಸೂಚಿಯ ಪುಸ್ತಕವನ್ನೂ ತೆರೆದು, ‘ಕ್ಷೇತ್ರ’ವೆಂಬ ಒಂದು ಹೊಸ ಅಂಕಣವನ್ನು ಗೆರೆ ಹಾಕಿ, ಗ್ರಂಥವನ್ನು ಕೊಟ್ಟ ಮನೆಯವರಲ್ಲಿ ಬದುಕಿರುವವರನ್ನು ಕರೆಸಿ ಕೇಳಿ ತುಂಬುವಂತಾದರೆ ಒಳ್ಳೆಯದು. ಅರ್ಧ ಅಂಕಣ ಖಾಲಿಯೇ ಉಳಿದೀತು. ಆದರೆ ಉಳಿದರ್ಧ ತುಂಬುವುದು ಇಂದು ಸಾಧ್ಯ, ಹತ್ತು ವರ್ಷಗಳ ಮೇಲೆ ಸಾಧ್ಯವಾಗದು.

ನಾನು ಹೇಳಿದ ಆ ಮನೆಯನ್ನು ಈ ಮಳೆಗಾಲಕ್ಕೆ ಮೊದಲೇ ಬಿಚ್ಚಿದರು. ಮರವನ್ನು ಕೊಂಡವರು ಎಲ್ಲಿಗೆ ಒಯ್ದರೋ ತಿಳಿಯದು. ಉಳಿದಿರುವುದು ಇಪ್ಪತ್ತಮೂರು ಹಾಳೆಗಳ ನಕ್ಷೆ, ಚಿತ್ರಗಳು, ಮತ್ತು ಮೂರು ರಾಶಿಗಳಲ್ಲಿ ಯಾವ ಕಟ್ಟು ಯಾವುದಕ್ಕೆ ಸೇರಿದ್ದೆಂದು ಒಬ್ಬ ಮಗಳು ನೆನಪಿನಿಂದ ಹೇಳಿದ ಪಟ್ಟಿ. ಆ ಪಟ್ಟಿಯಲ್ಲಿ ಎರಡು ಕಟ್ಟುಗಳ ಮುಂದಿನ ಸ್ಥಳ ಖಾಲಿಯಾಗಿದೆ. ಅದನ್ನು ನಾನು ಹಾಗೆಯೇ ಭಂಡಾರಕ್ಕೆ ಒಪ್ಪಿಸಿದ್ದೇನೆ. ಈ ವಿಷಯದಲ್ಲಿ ಹೆಚ್ಚು ಅನುಭವವುಳ್ಳ ವಿದ್ವಾಂಸರು ಇಲ್ಲಿಯ ಕುಂದುಗಳನ್ನು ತಿದ್ದಿ ದಾರಿ ತೋರಬೇಕೆಂದು ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.